ಠಾಣಾ ಅಂದರೆ ಊರು

ಅವನನ್ನು ಹೊತ್ತು ತಂದದ್ದು ಒಂದು ಬಾಗಿಲಿನ ಮೇಲೆ. ಎಂಐಡಿಸಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದಕ್ಕೆ ಹೊಸ ಶೆಡ್ ಕಟ್ಟುತ್ತಿದ್ದಲ್ಲಿ ನಿಂತು ಕೆಲಸ ಮಾಡಲು ಕಟ್ಟಿದ್ದ ಪರಾಂಚಿಯ ಬಿದಿರು ಜಾರಿ ಕೆಳಗೆ ಬಿದ್ದಿದ್ದ. ಚೌಕಟ್ಟಿಗೆ ಕೂರಿಸದೆ ಗೋಡೆಗೆ ಒರಗಿಸಿಟ್ಟಿದ್ದ ಹೊಸ ಮರದ ಬಾಗಿಲನ್ನೇ ಸ್ಟ್ರೆಚರ್ ಮಾಡಿಕೊಂಡು ಜೊತೆಯ ಕೂಲಿಗಳು ಅವನನ್ನು ಅಲುಗಿಸದೆ ತಂದಿದ್ದರು. ಆ ಉಪಾಯ ಯಾರಿಗೆ ಹೊಳೆಯಿತೋ, ಅವರಿಗೆ ನಾನು ಇವತ್ತಿಗೂ ನೂರಕ್ಕೆ ನೂರು ಅಂಕ ಕೊಡುತ್ತೇನೆ. ತೊಡೆಯ ಎಲುಬು ಮುರಿದವನನ್ನು ಕೈಕಾಲು ಹಿಡಿದು ಮೂಟೆಯಂತೆ ಎತ್ತಿ ತರುವವರನ್ನೇ ನಾನು ಹೆಚ್ಚಾಗಿ ನೋಡಿದ್ದು.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಮುಂಬೈ ಹತ್ತಿರದ ಡೊಂಬಿವಲಿಯ ಆ ಆಸ್ಪತ್ರೆಯಲ್ಲಿ ಕನ್ನಡ ಬರುವ ನರ್ಸ್ ನಾನೊಬ್ಬಳೇ. "ಸಿಸ್ಟರ್, ತುಮ್ಚಾ ಮಾಣೂಸ್ ಆಲಾ," ನಿಮ್ಮವನು ಬಂದ ಎಂದು ಆಯಾ ಕೂಗಿದಳು. ನಮ್ಮವನು ಗುಲ್ಬರ್ಗದ ಕಡೆಯವನು. ನಾನು ಮನೆಯಲ್ಲಿ ತುಳು ಮಾತಾಡುವ ಉಡುಪಿಯವಳು. ಇಬ್ಬರದೂ ಒಂದೇ ಭಾಷೆ ಎಂದು ಎಲುಬಿನ ಡಾಕ್ಟರರು ನಂಬಿದ್ದರು. ಸತ್ಯ ಹೇಳಬೇಕೆಂದರೆ ನಾನೂ ನಂಬಿದ್ದೆ.

ಚಿಕಿತ್ಸೆ ಆಗಿನ ಕಾಲಕ್ಕೆ ಒಂದೇ, ಎಳೆತ. ಮೊಳಕಾಲಿನ ಕೆಳಗೆ ಎಲುಬಿಗೆ ಅಡ್ಡಲಾಗಿ ಉಕ್ಕಿನ ಕಡ್ಡಿಯೊಂದನ್ನು ತೂರಿಸುತ್ತಿದ್ದರು. ಕಡ್ಡಿಯ ಎರಡು ತುದಿಗೆ ಕುದುರೆ ಲಾಳದಂಥ ಒಂದು ಬಿಲ್ಲು, ಬಿಲ್ಲಿಗೆ ಹಗ್ಗ. ಹಗ್ಗ ಮಂಚದ ಕಾಲ ತುದಿಯಲ್ಲಿದ್ದ ರಾಟೆಯ ಮೇಲೆ ಹಾದು ಕೆಳಗೆ ಇಳಿಯಬೇಕು, ಅದರ ಕೊನೆಗೆ ಕಬ್ಬಿಣದ ತೂಕ ತೂಗಬೇಕು. ಕಾಲು ಕಬ್ಬಿಣದ ಚೌಕಟ್ಟಿನ ಮೇಲೆ ಮಲಗಿರುತ್ತದೆ. ಎಳೆತಕ್ಕೆ ರೋಗಿ ಜಾರಿ ಬಾರದಿರಲೆಂದು ಮಂಚದ ಕಾಲ ಕಡೆಗೆ ಮರದ ದಿಮ್ಮಿ ಕೊಟ್ಟು ಎತ್ತರಿಸುತ್ತಿದ್ದೆವು. ತೂಕ ನೆಲಕ್ಕೆ ತಾಗಬಾರದು, ಮಂಚಕ್ಕೂ ತಾಗಬಾರದು. ಅದು ಹಗಲಿರುಳು ಎಳೆಯುತ್ತಲೇ ಇದ್ದರೆ ಮಾತ್ರ ಒಂದರ ಮೇಲೊಂದು ಏರಿ ಕುಳಿತ ಎಲುಬಿನ ತುಂಡುಗಳು ಸರಿದು ನೇರವಾಗಿ ಕೂಡುತ್ತವೆ. ನಡುವೆ ಸಡಿಲ ಬಿಟ್ಟರೆ ಕಾಲು ಗಿಡ್ಡ.

ಇದನ್ನೆಲ್ಲ ಅವನಿಗೆ ವಿವರಿಸಿ, ಕಾಲು ಅಲುಗಿಸಲೇಬಾರದು ಎಂದು ಕಟ್ಟಪ್ಪಣೆ ಮಾಡಿ ಬೆನ್ನು ತಿರುಗಿಸಿದ್ದೆ. "ಅಕ್ಕಾ, ಕಾಲ್ಮಡೀಬೇಕ್ರಿ," ಎಂದ.

"ಎಂತ ಮಡಿಸುವುದು? ಈಗಷ್ಟೇ ಹೇಳಿದ್ದಲ್ವಾ, ಕಾಲು ಮಡಿಸಲಿಕ್ಕಿಲ್ಲ ಅಂತ!"

"ಇಲ್ರಿ ಅಕ್ಕಾ, ಭಾಳ ಜೋರ ಆಗ್ಯಾದ್ರಿ, ಕಾಲ್ಮಡೀಲೇಬೇಕು."

"ಮಡಿಸಿದರೆ ಮತ್ತೆ ಮುರಿಯುತ್ತದೆ ಮಾರಾಯ್ರೆ! ತಡಕೊಳ್ಳಿ!"

ತಡೆದುಕೊಂಡ ಪಾಪ, ತಡೆಯಲಾಗುವಷ್ಟು ಹೊತ್ತು. ಹಾಸಿಗೆ ಒದ್ದೆಯಾದ ಮೇಲೆ ನನಗೆ ಗೊತ್ತಾಯಿತು, ಅವರ ಕಡೆ ಕಾಲ್ಮಡಿಯುವುದು ಎಂದರೆ ಮೂತ್ರಕ್ಕೆ ಹೋಗುವುದು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಒಂದೇ ಮಾತು ಬಲ್ಲ ನಮ್ಮಿಬ್ಬರಿಗೆ ಮೊದಲ ದಿನವೇ ಜಗಳ. ಆಯಾಳ ಜೊತೆ ಹಾಸಿಗೆ ಬದಲಾಯಿಸುತ್ತ ನಾನು ನಕ್ಕೆ, ನೋವಿನಲ್ಲೇ ಅವನೂ ನಕ್ಕ. ಅಂದಿನಿಂದ ಒಂದು ಪದ್ಧತಿ ಮಾಡಿಕೊಂಡೆ. ಅವನು ಹೇಳಿದ ಮಾತು ಅರ್ಥವಾಯಿತು ಅನ್ನಿಸಿದರೂ, "ಅಂದರೆ ಎಂತ?" ಎಂದು ಕೇಳಿಯೇ ಕೆಲಸಕ್ಕೆ ಕೈ ಹಾಕುವುದು.

ಮಧ್ಯಾಹ್ನದ ಭೇಟಿಯ ವೇಳೆಗೆ ಹೆಂಡತಿ ಮಗಳನ್ನು ಕರೆದುಕೊಂಡು ಬರುತ್ತಿದ್ದಳು. ಅವರಿಗೆ ಅದೊಂದೇ ಕೂಸು. ಇನ್ನೂ ಶಾಲೆಯ ವಯಸ್ಸಲ್ಲ, ಬಾಯಿ ಮಾತ್ರ ದೊಡ್ಡವರದು. ಅಪ್ಪ ಅವಳನ್ನು ಕರೆಯುವುದು 'ಅವ್ವಾ' ಎಂದು. ಸತ್ತುಹೋದ ತನ್ನ ತಾಯಿಯ ಹೆಸರಿಟ್ಟಿದ್ದನಂತೆ. ಅವಳಿಗೆ ಹಗ್ಗದಲ್ಲಿ ತೂಗುವ ತೂಕದ ಮೇಲೇ ಕಣ್ಣು. ಬೆರಳು ತಾಗಿಸಿ ತೂಗಾಡಿಸುವುದು, ನಾನು ಗದರಿದರೆ ಮಂಚದ ಕೆಳಗೆ ನುಗ್ಗುವುದು. ನನ್ನ ಗದರಿಕೆಗೆ ಬಗ್ಗದ ಹುಡುಗಿ ಅಪ್ಪನ ಒಂದು ಮಾತಿಗೆ ಬಗ್ಗಿದಳು.

"ಅದು ಓಳಂಬ ಐತವ್ವಾ, ಮುಟ್ಟಬ್ಯಾಡ. ಮುಟ್ಟಿದ್ರ ಗ್ವಾಡಿ ಸೊಟ್ಟ ಆಗ್ತದ."

ಗೋಡೆ ನೆಟ್ಟಗಿದೆಯೇ ಎಂದು ನೋಡಲು ಗೌಂಡಿಗಳು ದಾರಕ್ಕೆ ಕಟ್ಟಿ ಇಳಿಬಿಡುವ ಗುಂಡು ಅದು, ಓಳಂಬ. ಸೈಟಿನಲ್ಲಿ ಬೆಳೆದ ಹುಡುಗಿಗೆ ಅದು ಚೆನ್ನಾಗಿ ಗೊತ್ತು. ಆಮೇಲೆ ಅವಳೇ ಕಾವಲು ಕುಳಿತು ಪಕ್ಕದ ಮಂಚದವರ ಮಕ್ಕಳಿಗೆಲ್ಲ ಹಿಂದಿಯಲ್ಲಿ ಗದರುತ್ತಿದ್ದಳು. ಇಂಥ ಇನ್ನೊಬ್ಬ ಆಯಾ ಸಿಕ್ಕಿದರೆ ಒಳ್ಳೆಯದಿತ್ತು ಎಂದು ನಾನು ತಮಾಷೆ ಮಾಡುತ್ತಿದ್ದೆ.

ಒಂದು ದಿನ ಅವರು ಬರಲಿಲ್ಲ. ಮರುದಿನವೂ ಇಲ್ಲ. ಕೂಲಿಗಳ ತಂಡದ ಮುಖ್ಯಸ್ಥನಾದ ಮುಕ್ಕಾದಮ ವಾರ್ಡಿಗೆ ಬಂದು, ಹುಡುಗಿಗೆ ಗಂಟಲಲ್ಲಿ ಬೇನೆ, ಉಸಿರು ಸಿಕ್ಕುತ್ತಿದೆ, ದೊಡ್ಡಾಸ್ಪತ್ರೆಗೆ ಸೇರಿಸಿದ್ದಾರೆ ಎಂದು ನನಗೆ ಹೇಳಿಹೋದ. ಇದು ಅಂಟುವ ಗಂಟಲಮಾರಿ ಎಂದು ನನಗೆ ತಕ್ಷಣ ಹೊಳೆಯಿತು. ನಾನು ಅಪ್ಪನಿಗೆ ಮೆಲ್ಲನೆ ವಿಷಯ ತಿಳಿಸಬೇಕು ಎಂದುಕೊಳ್ಳುವಷ್ಟರಲ್ಲಿ ಆಯಾ ಅವನ ಚಹಾದ ಲೋಟ ಎತ್ತುತ್ತ ಹೇಳಿಬಿಟ್ಟಿದ್ದಳು: "ಮುಲೀಲಾ ಠಾಣ್ಯಾಲಾ ನೇಲಂ."

ಮಗಳನ್ನು ಠಾಣಾಕ್ಕೆ ಒಯ್ದರು. ಅಷ್ಟೇ ಮಾತು. ಅವನ ಕಿವಿಗೆ ಬಿದ್ದದ್ದೂ ಅಷ್ಟೇ.

ನಾನು ಔಷಧಿಯ ತಟ್ಟೆ ಹಿಡಿದು ಬಂದಾಗ ಅವನು ಎದ್ದು ಕುಳಿತಿದ್ದ. ಮುಂದಕ್ಕೆ ಬಾಗಿ, ಹಗ್ಗ ಎಳೆದುಕೊಂಡು, ಗಂಟು ಬಿಚ್ಚಿಬಿಟ್ಟಿದ್ದ. ತೂಕ ನೆಲಕ್ಕೆ ಬಿದ್ದ ಸದ್ದಿಗೆ ವಾರ್ಡೆಲ್ಲ ತಿರುಗಿ ನೋಡಿತು. ಮುರಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಚೌಕಟ್ಟಿನಿಂದ ಕೆಳಗಿಳಿಸುತ್ತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ.

"ಎಂತ ಮಾಡ್ತಿದ್ದೀರಿ!"

"ಠಾಣಾಕ್ಕ ಹೋಗಿ ಬರ್ತೀನ್ರಿ," ಅಂದವನೇ ಮೂರ್ಛೆ ಹೋದ.

ನಾನೂ ಆಯಾಳೂ ಸೇರಿ ಹಿಡಿದು ಮಲಗಿಸಿದೆವು. ನಾನು ಬಿಲ್ಲನ್ನು ಹಿಡಿದು ಕೈಯಿಂದಲೇ ಎಳೆಯುತ್ತ ನಿಂತೆ, ಡಾಕ್ಟರರು ಬರುವವರೆಗೆ. ಅವರು ಎಕ್ಸ್‌ರೇ ತೆಗೆಸಿದರು. ಇಷ್ಟು ದಿನ ಸರಿದು ಬಂದಿದ್ದ ತುಂಡುಗಳು ಮತ್ತೆ ಏರಿ ಕುಳಿತಿದ್ದವು. ತೂಕ ಹೆಚ್ಚಿಸಿದರು. "ಇನ್ನೊಂದು ಸಲ ಹೀಗಾದರೆ ಇವನು ಜೀವಮಾನವಿಡೀ ಕುಂಟ. ಸಿಸ್ಟರ್, ಕೈ ಕಟ್ಟಿಹಾಕಿ," ಎಂದರು. ನಾನು ಕಟ್ಟಲಿಲ್ಲ. ಎಚ್ಚರವಾದ ಮೇಲೆ ಸ್ಟೂಲ್ ಎಳೆದುಕೊಂಡು ಪಕ್ಕದಲ್ಲಿ ಕುಳಿತು ಕೇಳಿದೆ.

"ಠಾಣಾ ಅಂದರೆ ಎಂತ?"

ನನ್ನನ್ನು ಹುಚ್ಚಿಯನ್ನು ನೋಡುವ ಹಾಗೆ ನೋಡಿದ. "ಪೊಲೀಸ್ ಠಾಣಾ ರೀ ಅಕ್ಕಾ! ಸೈಟಿನ್ಯಾಗ ಕಬ್ಬಿಣದ ಸಳಿ ತುಣುಕು ಆರಿಸ್ಕೊಂಡು ಆಟಾ ಆಡ್ತಾಳ್ರಿ. ಕಳ್ಳತನ ಅಂತ ಹಿಡ್ಕೊಂಡು ಹೋಗ್ಯಾರ. ಅಷ್ಟು ಸಣ್ಣ ಕೂಸಿನ್ನ! ನಾ ಹೋಗಿ ಬಿಡಸ್ಕೊಂಡು ಬರ್ಬೇಕಲ್ರಿ?"

ಅವನು ಸೊಲ್ಲಾಪುರದ ಗಾಡಿ ಹತ್ತಿ ಕಲ್ಯಾಣದಲ್ಲಿ ಇಳಿದವನು, ಅಲ್ಲಿಂದ ನೇರ ಸೈಟಿಗೆ. ಲೋಕಲ್ ಗಾಡಿಯಲ್ಲಿ ಒಮ್ಮೆಯೂ ಮುಂಬೈ ಕಡೆಗೆ ಹೋದವನಲ್ಲ. ಠಾಣಾ ಎಂದೊಂದು ಊರು ಇದೆ ಎಂದು ಅವನಿಗೆ ಹೇಳಿದವರು ಯಾರು?

"ಮಾರಾಯ್ರೆ, ಠಾಣಾ ಅಂದರೆ ಊರು. ದೊಡ್ಡ ಊರು. ಅಲ್ಲಿ ದೊಡ್ಡ ಆಸ್ಪತ್ರೆ ಉಂಟು. ಮಗಳಿಗೆ ಗಂಟಲಿನ ಕಾಯಿಲೆ, ಅದಕ್ಕೆ ಅಲ್ಲಿ ಸೇರಿಸಿದ್ದಾರೆ. ಕಾಯಿಲೆ ಜೋರು ಉಂಟು. ಆದರೆ ಪೊಲೀಸರು ಹಿಡಿದದ್ದಲ್ಲ."

ಅವನು ಉಸಿರು ಬಿಟ್ಟ. ನೋವಿನಲ್ಲೂ ನಗು ಬಂತು. "ಊರಿಗೆ ಯಾರರ ಠಾಣಾ ಅಂತ ಹೆಸರಿಡ್ತಾರೇನ್ರಿ?" ಎಂದ. ಆಮೇಲೆ, "ಜೋರು ಅಂದ್ರ?" ಎಂದು ಕೇಳಿದ. ನನ್ನ ಪದ್ಧತಿಯನ್ನೇ ನನಗೆ ತಿರುಗಿಸಿದ್ದ. ನನಗೆ ಗೊತ್ತಿದ್ದಷ್ಟನ್ನು ಹೇಳಿದೆ. ಅವನು ಮತ್ತೆ ಹಗ್ಗ ಮುಟ್ಟಲಿಲ್ಲ.

ಎರಡು ಮೂರು ದಿನವಾದ ಮೇಲೆ, ಬೆಳಗಿನ ಡ್ರೆಸ್ಸಿಂಗ್ ಮುಗಿಸುತ್ತಿದ್ದಾಗ, ಮುಕ್ಕಾದಮ ಹೊರಗಿನಿಂದ ಕೈ ಮಾಡಿ ಕರೆದ. ತಟ್ಟೆ ಅಲ್ಲೇ ಇಟ್ಟು ಹೋದೆ.

"ಕೂಸು ಹೋಯ್ತ್ರಿ. ಮಣ್ಣಿಗೆ ಒಯ್ಯಾಕತ್ತೀವಿ, ಟೆಂಪೋ ಗೇಟಿನ್ಯಾಗ ನಿಂತದ. ಅಕಿ, ಅವರವ್ವ, ಇಳಿಯವಲ್ಲಳು, ಹೋಗಗೊಡವಲ್ಲಳು. ಅಪ್ಪಗ ತೋರಿಸ್ಬೇಕಂತ. ನೀವು ಬಂದು ಒಂದು ಮಾತು ಹೇಳ್ರಿ, ದವಾಖಾನಿ ಕಾನೂನಿನ್ಯಾಗ ಇಲ್ಲ ಅಂತ."

"ಅವನಿಗೆ ಯಾರು ಹೇಳುವುದು?"

"ಈಗ ಬ್ಯಾಡ್ರಿ. ಕಾಲು ಕೂಡಿದ ಮ್ಯಾಲ ನೋಡಿದ್ರಾಯ್ತು. ನೀವೇ ಹೇಳೀರಲ್ರಿ, ಠಾಣಾ ಅಂದ್ರ ದವಾಖಾನಿ ಇರೋ ಊರು ಅಂತ. ಇನ್ನೂ ಅಲ್ಲೇ ಅದಾಳ ಅಂದ್ರಾಯ್ತು."

ನನಗೆ ಮೈಯೆಲ್ಲ ಉರಿಯಿತು. ಅವನನ್ನು ಸಮಾಧಾನಪಡಿಸಿದ ನನ್ನ ಸತ್ಯವನ್ನೇ ಇವರು ಸುಳ್ಳಿನ ಗೂಟ ಮಾಡಹೊರಟಿದ್ದರು. ಆದರೆ ಮುಕ್ಕಾದಮ ಕೆಟ್ಟವನಲ್ಲ. ಬಾಗಿಲಿನ ಮೇಲೆ ಹೊತ್ತು ತಂದವರಲ್ಲಿ ಮುಂದಿನ ಮೂಲೆ ಹಿಡಿದವನು ಅವನೇ. ಕಾಲಿನದೇ ಚಿಂತೆ ಅವನಿಗೆ. ಕಾನೂನು ಹೇಳಲೆಂದೇ ನಾನು ಗೇಟಿಗೆ ಹೋದೆ.

ತಾಯಿ ಟೆಂಪೋದ ಹಿಂಭಾಗದಲ್ಲಿ ಕುಳಿತಿದ್ದಳು. ಆಸ್ಪತ್ರೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ ಹುಡುಗಿ ಅವಳ ಮಡಿಲಲ್ಲಿದ್ದಳು. ಅಳು ಮುಗಿದುಹೋಗಿದ್ದ ಮುಖ.

"ಅಕ್ಕಾ, ನಿಮ್ಮ ಕಾನೂನು ನಂಗ ಗೊತ್ತಿಲ್ರಿ. ನಾಳಿ ಅಂವಾ ಕೇಳ್ತಾನ, ನಮ್ಮವ್ವ ಎಲ್ಲದಾಳ ಅಂತ. ನಾಡಿದ್ದು ಕೇಳ್ತಾನ. ನೋಡಿದ್ರ ಕೇಳಂಗಿಲ್ಲ."

ಅಪ್ಪನಿಗೆ ಮಗಳನ್ನು ತೋರಿಸಲು ಬಿಡಿ ಎಂದು ಕೇಳಲು ಸೀದಾ ಡಾಕ್ಟರರ ಕೋಣೆಗೆ ಹೋದೆ.

"ವೇಡ್ ಲಾಗಲಂ ಕಾ ತುಮ್ಹಾಲಾ?" ಹುಚ್ಚು ಹಿಡಿಯಿತೇ ಎಂದರು. ಗಂಟಲಮಾರಿಯ ಹೆಣ ವಾರ್ಡಿನೊಳಗೆ ಬರುವಂತಿಲ್ಲ. ಅದು ಸರಿ, ನಾನೂ ಬಿಡುತ್ತಿರಲಿಲ್ಲ. ಗೊತ್ತಾದರೆ ಮತ್ತೆ ಹಗ್ಗ ಬಿಚ್ಚುತ್ತಾನೆ ಎಂದರು. ಅಲ್ಲಿ ನಾನು ಒಪ್ಪಲಿಲ್ಲ.

"ಸಾರ್, ಅವನು ಬಿಚ್ಚಿದ್ದು ಗೊತ್ತಿಲ್ಲದ್ದಕ್ಕೆ. ಗೊತ್ತಾದ ಮೇಲೆ ಮುಟ್ಟಲಿಲ್ಲ. ಈಗ ಸುಳ್ಳು ಹೇಳಿದರೆ ಇವತ್ತಲ್ಲ ನಾಳೆ ಮತ್ತೆ ಠಾಣಾಕ್ಕೆ ಹೊರಡುತ್ತಾನೆ. ಹೆಣ ಒಳಗೆ ಬರುವುದು ಬೇಡ. ಮಂಚ ಹೊರಗೆ ಹೋಗಲಿ, ವರಾಂಡದವರೆಗೆ. ದಾರಿಯುದ್ದಕ್ಕೂ ಎಳೆತ ನನ್ನ ಕೈಯಲ್ಲಿರುತ್ತದೆ."

ಅವರು ನನ್ನ ಕೈ ನೋಡಿದರು. ನಾನೇನು ಸಣ್ಣ ಆಳಲ್ಲ. ಬಾವಿ ನೀರು ಸೇದಿ ಬೆಳೆದ ಕೈ. "ಒಂದು ಕ್ಷಣ ಸಡಿಲಿದರೂ ನೀವೇ ಜವಾಬ್ದಾರಿ," ಎಂದರು.

"ಆಯ್ತು," ಎಂದೆ. ನನಗೆ ಆ ಕ್ಷಣ ಹೆದರಿಕೆ ಇರಲಿಲ್ಲ. ಮಾಡಬೇಕಾದ ಕೆಲಸ ಯಾವುದು ಎಂದು ಖಚಿತವಾಗಿ ಗೊತ್ತಾದಾಗ ನನಗೆ ಹೆದರಿಕೆ ಆಗುವುದು ಕಡಿಮೆ.

ಒಳಗೆ ಹೋಗುವ ಮೊದಲು ತಾಯಿಯ ಹತ್ತಿರ ಒಂದು ಮಾತು ಕೇಳಿದೆ. ನಮ್ಮ ಕಡೆ 'ತೀರಿಹೋದರು' ಎನ್ನುತ್ತೇವೆ, ಮುಕ್ಕಾದಮ 'ಹೋಯ್ತು' ಎಂದಿದ್ದ. ಎರಡು ಸಲ ಮಾತಿನಿಂದಲೇ ಕೆಟ್ಟಿದ್ದ ಕೆಲಸ. "ಯಾವ ಪದದಲ್ಲಿ ಹೇಳಲಿ?"

"ಸತ್ತಾಳ ಅನ್ರಿ," ಎಂದಳು. "ಹೋಗ್ಯಾಳ ಅಂದ್ರ, ಎಲ್ಲಿಗಿ ಅಂತಾನ."

ಮಂಚಕ್ಕೆ ಪರದೆ ಎಳೆದೆ. ಮೇಲೆ ನಿಂತು ಹೇಳಬಾರದೆಂದು ಸ್ಟೂಲಿನಲ್ಲಿ ಕುಳಿತು, ಅವನ ಮಣಿಕಟ್ಟು ಹಿಡಿದುಕೊಂಡೆ. "ನಿಮ್ಮ ಮಗಳು ಸತ್ತಳು. ಗಂಟಲಿನ ಕಾಯಿಲೆಯಲ್ಲಿ, ಠಾಣಾದ ಆಸ್ಪತ್ರೆಯಲ್ಲಿ. ತಾಯಿ ಜೊತೆಗಿದ್ದಳು."

ಅವನ ಇನ್ನೊಂದು ಕೈ ಹಗ್ಗದ ಕಡೆ ಚಾಚಿತು.

"ಅದನ್ನು ನೀವು ಬಿಚ್ಚುವುದು ಬೇಡ. ನಾನೇ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ತೇನೆ. ಮಗಳು ಹೊರಗೆ ಬಂದಿದ್ದಾಳೆ. ಮಂಚ ಸಮೇತ ಹೋಗುವ."

ಟೆಂಪೋದಲ್ಲಿ ಬಂದಿದ್ದ ಕೂಲಿಗಳನ್ನು ಒಳಗೆ ಕರೆದೆ, ಎಲ್ಲರ ಮೂಗುಬಾಯಿಗೂ ಗಾಯಕ್ಕೆ ಸುತ್ತುವ ತೆಳು ಬಟ್ಟೆ ಕಟ್ಟಿಸಿದೆ. ನಾನು ಎರಡೂ ಕೈಗೆ ಹಗ್ಗ ಸುತ್ತಿ ಹಿಂದಕ್ಕೆ ವಾಲಿದೆ. ನನ್ನ ಎಳೆತ ಬಿಗಿಯಾದ ಮೇಲೆ ಆಯಾ ತೂಕ ಕಳಚಿದಳು. ಇನ್ನು ಆ ತೂಕ ನಾನು. ಕಾಲ ಕಡೆಯ ಎತ್ತರ ಇಳಿಯಬಾರದು, ತಲೆ ಕಡೆ ಮೇಲೇಳಬಾರದು, ಮಂಚ ಕುಲುಕಬಾರದು. "ಮೆಲ್ಲ, ಮೆಲ್ಲ" ಎಂದು ನಾನು ಕೂಗಿದ್ದು ಅವರಿಗೆ ತಲುಪಿತೋ ಇಲ್ಲವೋ. ಮುಕ್ಕಾದಮನ ಕೂಗು ತಲುಪಿತು. "ಕಾಲ ಕಡೆ ಎತ್ತಿ ಹಿಡೀರಿ, ತಲಿ ಕಡೆ ಇಳಸ್ರಿ, ತೊಲಿ ಒಯ್ದಂಗ ಒಯ್ರಿ!" ಸುಳ್ಳು ಹೇಳಿಸಲು ಬಂದವನೇ ಈಗ ಮುಂದಿನ ಮೂಲೆ ಹಿಡಿದಿದ್ದ. ಬಾಗಿಲಲ್ಲಿ ಮಂಚ ಒಂದು ಗಳಿಗೆ ಸಿಕ್ಕಿಕೊಂಡಿತು. ಸ್ವಲ್ಪ ಓರೆ ಮಾಡಿ ದಾಟಿಸಿದರು. ನಾನೂ ಹಗ್ಗದೊಂದಿಗೆ ಓರೆಯಾದೆ.

ವರಾಂಡದಲ್ಲಿ ಮಂಚ ಇಳಿಸಿ ದಿಮ್ಮಿ ಕೊಟ್ಟರು. ನೆಲ ಅಲ್ಲಿ ಇಳಿಜಾರು, ತೂಕ ತೂಗಿಸಿದರೆ ಮಂಚಕ್ಕೆ ತಾಗುತ್ತಿತ್ತು. ಹಾಗಾಗಿ ನಾನು ಹಿಡಿದೇ ನಿಂತೆ. ತಾಯಿ ಹುಡುಗಿಯನ್ನು ತಂದು ಅವನ ಪಕ್ಕದಲ್ಲಿ ಮಲಗಿಸಿದಳು. ಮುಖಕ್ಕೆ ಮುಖ ತಾಗಿಸಬೇಡಿ ಎಂದು ಮೊದಲೇ ಹೇಳಿದ್ದೆ. ಅವನು ತಲೆಗೂದಲು ಸವರಿದ. ಬಟ್ಟೆಯ ತುದಿ ಸರಿಸಿ ಎರಡೂ ಪಾದಗಳನ್ನು ಮುಷ್ಟಿಯಲ್ಲಿ ಹಿಡಿದ. ಆಮೇಲೆ ಹೆಂಡತಿಯ ಮುಖ ನೋಡಿದ.

"ಬಿಡಸ್ಕೊಂಡು ಬಂದ್ಯಾ?"

"ಹೂಂ," ಎಂದಳು ಅವಳು.

ಆಗ ಅವನು ಅತ್ತ. ಡಾಕ್ಟರರು ಬೇಕಾದರೆ ಕೊಡಿ ಎಂದು ನಿದ್ದೆಯ ಇಂಜೆಕ್ಷನ್ ಬರೆದಿದ್ದರು. ಅದು ತಟ್ಟೆಯಲ್ಲೇ ಉಳಿಯಿತು. ಅಳಬೇಕಾದವನನ್ನು ಮಲಗಿಸುವುದು ಯಾವ ಸೀಮೆಯ ಔಷಧಿ? ನನಗೂ ಕಣ್ಣು ಕಾಣುತ್ತಿರಲಿಲ್ಲ, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಆಯಾ ಬಂದು ತನ್ನ ಸೆರಗಿನಿಂದ ನನ್ನ ಕಣ್ಣನ್ನು ಒರಟಾಗಿ ಒರೆಸಿ ಹೋದಳು.

ಹೊರಡುವ ಹೊತ್ತಿಗೆ ಅವನೆಂದ, "ನನ್ನ ಕೈಲೆ ಮಣ್ಣು ಕೊಡಬೇಕಿತ್ತ್ರಿ." ಗುಂಡಿಗೆ ಮೊದಲ ಹಿಡಿ ಮಣ್ಣು ಅಪ್ಪನದಂತೆ. ನಾನು ಆಯಾಳಿಗೆ ಸನ್ನೆ ಮಾಡಿದೆ. ಅವಳು ಅಂಗಳದ ದಾಸವಾಳದ ಬುಡದಿಂದ ಮಣ್ಣು ಅಗೆದು, ನಾವು ಡ್ರೆಸ್ಸಿಂಗಿಗೆ ಬಳಸುವ ಬಟ್ಟಲಿನಲ್ಲಿ ತಂದಳು. ಅವನು ಮುಷ್ಟಿ ತುಂಬಿ, ಹಣೆಗೆ ಮುಟ್ಟಿಸಿ, ಹೆಂಡತಿಯ ಸೆರಗಿಗೆ ಹಾಕಿದ. ಅವಳು ಗಂಟು ಕಟ್ಟಿಕೊಂಡಳು. ಟೆಂಪೋ ಹೋಯಿತು. ಹೋದ ದಾರಿಯಲ್ಲೇ ಮಂಚವನ್ನು ಹಿಂದಕ್ಕೆ ತರಲು ಮುಕ್ಕಾದಮ ನಾಲ್ಕು ಜನರನ್ನು ಬಿಟ್ಟುಹೋಗಿದ್ದ. ತೂಕ ಮತ್ತೆ ಹಗ್ಗಕ್ಕೆ ಸೇರಿದ ಮೇಲೆ ನನ್ನ ಬೆರಳುಗಳು ಬಿಚ್ಚಲಿಲ್ಲ. ಬಿಸಿನೀರಿನಲ್ಲಿ ಅದ್ದಿ ಒಂದೊಂದೇ ಬಿಡಿಸಬೇಕಾಯಿತು. ಎಲುಬು ಸರಿದಿರಲಿಲ್ಲ; ಎಕ್ಸ್‌ರೇ ನೋಡಿದ ಡಾಕ್ಟರರು ನನಗೆ ಚಹಾ ಕಳಿಸಿದರು.

ಕಷ್ಟದ ಶುಶ್ರೂಷೆ ಆಮೇಲಿನದು. ಅವನು ಚಾದರ ಮುಖದ ಮೇಲೆ ಎಳೆದುಕೊಂಡು ಮಲಗಿಬಿಟ್ಟ. ರೊಟ್ಟಿ ಬೇಡ, ಚಹಾ ಬೇಡ. ಬೆರಳು ಅಲುಗಿಸಿ ಎಂದರೆ ಅಲುಗಿಸುವುದಿಲ್ಲ; ಅಲುಗಿಸದಿದ್ದರೆ ಪಾದ ಜೋತುಬೀಳುತ್ತದೆ. ವಾರ್ಡಿನವರು 'ಮರೆತುಬಿಡು, ಇನ್ನೊಂದು ಆಗ್ತದೆ' ಎನ್ನಲು ಬಂದರೆ ನಾನು ಓಡಿಸುತ್ತಿದ್ದೆ. ಹೆಂಡತಿಗೆ ಭೇಟಿಯ ವೇಳೆಯ ಕಟ್ಟುಪಾಡು ತೆಗೆದುಹಾಕಿದೆ. ಸ್ಪಿರಿಟ್ ಹಚ್ಚಿ ಬೆನ್ನು ತಿಕ್ಕುವುದನ್ನು, ಹಿಮ್ಮಡಿಯ ಕೆಳಗೆ ಹುಣ್ಣಾಗದಂತೆ ನೋಡುವುದನ್ನು ಅವಳಿಗೇ ಕಲಿಸಿದೆ. ಅದು ಅವನಿಗೆ ಮಾತ್ರವಲ್ಲ, ಅವಳಿಗೂ ಬೇಕಿತ್ತು. ಇಡೀ ದಿನ ಒಂದು ಮಗುವಿನ ಹಿಂದೆ ಓಡಿದ ಕೈಗಳು ಅವು. ತಿಕ್ಕುತ್ತ ತಿಕ್ಕುತ್ತ ಅವಳು ಹುಡುಗಿಯ ಮಾತು ತೆಗೆಯುತ್ತಿದ್ದಳು, ಅವನು ಚಾದರದೊಳಗಿನಿಂದ ಕೇಳುತ್ತಿದ್ದ. ನಾನು ತಡೆಯಲಿಲ್ಲ, ಅವಸರವನ್ನೂ ಮಾಡಲಿಲ್ಲ. ಬೆಳಿಗ್ಗೆ ಬಂದು ಅವನ ಕಾಲ್ಬೆರಳನ್ನು ನಾನೇ ಹಿಡಿದು ಆಡಿಸಿ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಪಕ್ಕದ ಮಂಚದವರನ್ನು ನೋಡಲು ಬಂದ ಪುಟ್ಟ ಹುಡುಗಿಯೊಬ್ಬಳು ತೂಕಕ್ಕೆ ಕೈ ಹಾಕಿದಳು. ನಾನು ಬಾಯಿ ತೆರೆಯುವ ಮೊದಲೇ ಚಾದರದೊಳಗಿನಿಂದ ದನಿ ಬಂತು.

"ಮುಟ್ಟಬ್ಯಾಡವ್ವಾ, ಗ್ವಾಡಿ ಸೊಟ್ಟ ಆಗ್ತದ."

ಹುಡುಗಿಗೆ ಕನ್ನಡ ಬಾರದು, ಆದರೂ ಕೈ ತೆಗೆದಳು. ಅವನು ಚಾದರ ಸರಿಸಿ ಅವಳನ್ನೇ ನೋಡಿದ. ತುಂಬ ಹೊತ್ತು ಅತ್ತ. ಸಂಜೆ ಹೆಂಡತಿ ಕೊಟ್ಟ ರೊಟ್ಟಿ ತಿಂದ. ಮರುದಿನ ನಾನು ಕಾಲಿನ ಹತ್ತಿರ ಬಂದಾಗ, ಹೇಳದೆಯೇ ಬೆರಳು ಅಲುಗಿಸಿ ತೋರಿಸಿದ.

ಎಲುಬು ಕೂಡಿತು. ಕಡ್ಡಿ ತೆಗೆದ ಮೇಲೆ ಊರುಗೋಲು ಕೊಟ್ಟು ನಡೆಯಲು ಕಲಿಸಿದೆವು. ಬಿಡುಗಡೆಯ ದಿನ ಸೊಂಟದಿಂದ ಪಾದದ ಹರಡಿನವರೆಗೆ ಟೇಪು ಹಿಡಿದು ಎರಡೂ ಕಾಲು ಅಳೆದೆ. ಅವನು ಉಸಿರು ಹಿಡಿದು ನೋಡುತ್ತಿದ್ದ.

"ಸೊಟ್ಟ ಐತೇನ್ರಿ?"

"ಇಲ್ಲ. ಓಳಂಬ ಹಿಡಿದ ಹಾಗೆ ಉಂಟು."

ಗೇಟಿನ ತನಕ ಜೊತೆಗೆ ಹೋದೆ. ಹೆಂಡತಿ ಬಟ್ಟೆಗಂಟು ಹಿಡಿದು ಮುಂದೆ ನಿಂತಿದ್ದಳು. ಸೈಟಿನ ಕಡೆ ಎಡಕ್ಕೆ ತಿರುಗಬೇಕು, ಸ್ಟೇಷನ್ನಿಗೆ ಬಲಕ್ಕೆ. ಅವರು ಬಲಕ್ಕೆ ತಿರುಗಿದರು. ಎಲ್ಲಿಗೆ ಎಂದು ಕೇಳಿದೆ.

"ಕೂಸು ಮಲಗಿದ್ದ ದವಾಖಾನಿ ಕಾಟು ತೋರಸ್ತಾಳಂತ್ರಿ ಇವ್ಳು," ಎಂದ ಅವನು. ಊರುಗೋಲು ಕಂಕುಳಿಗೆ ಸರಿಮಾಡಿಕೊಂಡು ನನ್ನ ಮುಖ ನೋಡಿದ. "ಠಾಣಾಕ್ಕ ಹೋಗಿ ಬರ್ತೀನ್ರಿ."

ಹಿಂದೆ ಇದೇ ಮಾತು ಹೇಳಿದಾಗ ನಾನೂ ಆಯಾಳೂ ಸೇರಿ ಅವನನ್ನು ಹಿಡಿದು ಮಲಗಿಸಿದ್ದೆವು. "ಸ್ಲೋ ಲೋಕಲ್ ಗಾಡಿಯಲ್ಲಿ ಹೋಗಿ," ಎಂದೆ, "ಕೂರಲಿಕ್ಕೆ ಜಾಗ ಕೇಳಿ, ಕೊಡ್ತಾರೆ." ಗೇಟನ್ನು ನಾನೇ ಪೂರ್ತಿ ತೆರೆದು ಹಿಡಿದೆ.